ಹಾರ್ಡ್ ಡಿಸ್ಕ್ ಪಾಲು ಮಾಡಿದ ವರ್ಷ

ಬಿ.ಸಿ. ರೋಡಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಆರು ವರ್ಷ ಡಿ.ಟಿ.ಪಿ. ಕೆಲಸ ಮಾಡಿದೆ. ಪಿ.ಯು.ಸಿ. ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕಲಿತು, ಮನೆಯಲ್ಲಿ ಉಮ್ಮನನ್ನು ಒಪ್ಪಿಸಿ ಸೇರಿದ ಕೆಲಸ ಅದು. ಫರಂಗಿಪೇಟೆಯಲ್ಲಿ ಎಂಟೂವರೆಯ ಬಸ್ಸು ಹಿಡಿದರೆ ಒಂಬತ್ತಕ್ಕೆ ನಾನು ನನ್ನ ಕುರ್ಚಿಯಲ್ಲಿರುತ್ತಿದ್ದೆ. ಮದುವೆ ಕಾಗದ, ಭೂತಕೋಲದ ಆಮಂತ್ರಣ, ಉರೂಸಿನ ಹ್ಯಾಂಡ್‌ಬಿಲ್ಲು, ಇಗರ್ಜಿ ಹಬ್ಬದ ಕರಪತ್ರ, ಅಂಗಡಿಗಳ ಬಿಲ್ ಪುಸ್ತಕ, ಶ್ರದ್ಧಾಂಜಲಿ. ಊರಿನಲ್ಲಿ ಏನೇ ನಡೆಯುವುದಿದ್ದರೂ ಅದು ಮೊದಲು ನನ್ನ ಕೈಯಿಂದ ದಾಟಿ ಹೋಗುತ್ತಿತ್ತು.

ಇಡೀ ಪ್ರೆಸ್ಸಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ವಿಂಡೋಸ್ ತೊಂಬತ್ತೆಂಟು. ನಾವು ಬಳಸುತ್ತಿದ್ದ ಕನ್ನಡ ತಂತ್ರಾಂಶ ಹಳೆಯದು. ಪ್ರಿಂಟರಿನ ವಯರು ಸಿಕ್ಕಿಸುವ ಜಾಗಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಬೀಗ ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷ ಆಗಿರಬೇಕು, ಗಿರಾಕಿಗಳು ಫೋಟೋಗಳನ್ನು ಪೆನ್ ಡ್ರೈವಿನಲ್ಲಿ ತರಲು ಶುರುಮಾಡಿದರು. ನಮ್ಮ ಕಂಪ್ಯೂಟರಿಗೆ ಪೆನ್ ಡ್ರೈವ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಧಣಿ ಒಂದು ಹೊಸ ಸ್ಕ್ಯಾನರ್ ತಂದರು. ಪ್ರೆಸ್ಸಿನ ಯಜಮಾನರನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದದ್ದು. ಆ ಸ್ಕ್ಯಾನರ್ ಕೂಡ ತೊಂಬತ್ತೆಂಟರಲ್ಲಿ ಅಲುಗಾಡಲಿಲ್ಲ.

ನಮ್ಮ ಕಂಪ್ಯೂಟರಿಗೆ ಏನಾದರೂ ಆದರೆ ಮೂಡಬಿದಿರೆಯಿಂದ ಒಬ್ಬರು ರಿಪೇರಿಯವರು ಬರುತ್ತಿದ್ದರು. ಅವರು ನೋಡಿ ಹೇಳಿದರು: "ವಿಂಡೋಸ್ ಎಕ್ಸ್‌ಪಿ ಹಾಕ್ಬೇಕು. ಆದರೆ ಹಾಕಿದರೆ ನಿಮ್ಮ ಕನ್ನಡ ನಡೆಯುವುದಿಲ್ಲ. ಆ ಬೀಗ ಅದರಲ್ಲಿ ತೆರೆಯುವುದಿಲ್ಲ."

"ಕನ್ನಡ ಇಲ್ಲದೆ ನಾನು ಎಂತ ಪ್ರಿಂಟ್ ಮಾಡುವುದು?" ಧಣಿ ಕೇಳಿದರು.

"ಎರಡನ್ನೂ ಇಟ್ಟುಕೊಳ್ಳುವ. ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡುವ. ಒಂದರಲ್ಲಿ ಹಳೆಯದು, ಒಂದರಲ್ಲಿ ಹೊಸದು. ಕಂಪ್ಯೂಟರ್ ಆನ್ ಮಾಡುವಾಗ ಅದೇ ಕೇಳ್ತದೆ, ಯಾವುದು ಬೇಕು ಅಂತ."

"ಪಾಲು ಮಾಡ್ಲಿಕ್ಕೆ ಇದೆಂತ ಆಸ್ತಿಯಾ ಮಾರಾಯ್ರೆ!" ಎಂದು ಧಣಿ ನಕ್ಕರು. ಆದರೆ ಒಪ್ಪಿದರು.

ಇಲ್ಲಿ ಬಾಯಮ್ಮನ ಸಂಗತಿ ಹೇಳಬೇಕು.

ಅವರು ನಿವೃತ್ತ ದಾದಿ. ಸಿದ್ಧಕಟ್ಟೆಯಲ್ಲಿ ತಂಗಿಯ ಜೊತೆ ಇದ್ದರು. ಮೂವತ್ತೈದು ವರ್ಷ ಬಂಟ್ವಾಳ, ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ನಡೆದುಕೊಂಡು ಹೋಗಿ ಹೆರಿಗೆ ಮಾಡಿಸಿದವರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವ ರೂಢಿ. ಅವರನ್ನು ಕಂಡರೆ ಬಸ್ಸಿನ ಕಂಡಕ್ಟರರಿಂದ ಹಿಡಿದು ಮೀನು ಮಾರುವವರವರೆಗೆ ಎಲ್ಲರೂ "ಬಾಯಮ್ಮ ಕುಲ್ಲುಲೆ" ಎಂದು ಜಾಗ ಬಿಟ್ಟುಕೊಡುತ್ತಿದ್ದರು. ಎಷ್ಟೋ ಮಂದಿ ಅವರ ಕೈಯಲ್ಲೇ ಹುಟ್ಟಿದವರು. ತಾನು ಕಂಡದ್ದನ್ನೆಲ್ಲ ಒಂದು ಪುಸ್ತಕ ಮಾಡಬೇಕೆಂದು ಅವರಿಗೆ ಆಸೆ. ಆದರೆ ನಿವೃತ್ತರಾದ ಮೇಲೆ ಕೈ ನಡುಗುವ ಕಾಯಿಲೆ ಹಿಡಿದು ಪೆನ್ನು ನಿಲ್ಲುತ್ತಿರಲಿಲ್ಲ. ಧಣಿಯ ಮಗಳನ್ನು ಹೊರತಂದವರೂ ಅವರೇ. ಹಾಗಾಗಿ ಧಣಿ, "ಗುರುವಾರ ನಾಲ್ಕು ಗಂಟೆಯ ಮೇಲೆ ಕೆಲಸ ಕಡಿಮೆ. ಬಾಯಮ್ಮ ಹೇಳಲಿ, ನೀನು ಟೈಪ್ ಮಾಡು. ಅದು ಪ್ರೆಸ್ಸಿನ ಲೆಕ್ಕದ ಕೆಲಸ ಅಲ್ಲ" ಎಂದಿದ್ದರು.

ಒಂದು ವರ್ಷ ಹಾಗೆ ನಡೆಯಿತು. ಗುರುವಾರ ಅವರು ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಬಂದು ನನ್ನ ಪಕ್ಕ ಸ್ಟೂಲಿನಲ್ಲಿ ಕುಳಿತು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಳ್ಳುತ್ತಿದ್ದರು, ನಡುಗುವುದು ಕಾಣದ ಹಾಗೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಪುಸ್ತಕಕ್ಕೆ ಹೇಳುವಾಗ ಮಾತ್ರ ಅವರು ಶಾಲೆಯ ಕನ್ನಡಕ್ಕೆ ಬದಲಾಗುತ್ತಿದ್ದರು. "ಆ ದಿನ ನಾನು ಸೇವಾ ಕಾರ್ಯನಿಮಿತ್ತ ನಾರಾವಿ ಗ್ರಾಮಕ್ಕೆ ತೆರಳಿದ್ದೆನು" ಎಂದು ನಿಧಾನವಾಗಿ, ಒಂದೊಂದೇ ಪದ ಬಿಟ್ಟು ಹೇಳುತ್ತಿದ್ದರು. ನಾನು ಅದೇ ರೀತಿ ಟೈಪ್ ಮಾಡುತ್ತಿದ್ದೆ.

ಪ್ರೆಸ್ಸಿನ ಕೆಲಸಗಳೆಲ್ಲ ಜಾಬ್ಸ್ ಎಂಬ ಫೋಲ್ಡರಿನಲ್ಲಿ ಇರಬೇಕೆಂದು ನಿಯಮ. ಬಾಯಮ್ಮನದು ಪ್ರೆಸ್ಸಿನ ಲೆಕ್ಕದ್ದಲ್ಲವಲ್ಲ, ನಾನು ಅದನ್ನು ಬೇರೆ ಕಡೆ, ಮೈ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟಿದ್ದೆ. ಮೊದಲ ಅಧ್ಯಾಯ ಮಾತ್ರ ಪ್ರಿಂಟ್ ತೆಗೆದು ಕೊಟ್ಟಿದ್ದೆ. ಉಳಿದದ್ದನ್ನು ಮುಗಿದ ಮೇಲೆ ಒಟ್ಟಿಗೆ ತೆಗೆಯುವ ಎಂದು ಅವರೇ ಹೇಳಿದ್ದರು. ಒಂದು ಫ್ಲಾಪಿಯಲ್ಲಿಯೂ ಹಾಕಿಟ್ಟಿದ್ದೆ. ಆದರೆ ಮಳೆಗಾಲದಲ್ಲಿ ಆ ಫ್ಲಾಪಿಗೆ ಬೂಷ್ಟು ಹಿಡಿದು ಹಾಳಾಯಿತು. ಇನ್ನೊಂದು ಮಾಡಬೇಕು ಎಂದುಕೊಂಡವಳು ಮಾಡಲಿಲ್ಲ.

ಪಾಲು ಮಾಡುವುದೆಂದರೆ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಎರಡು ಭಾಗ ಎಳೆದು, ಎರಡರಲ್ಲೂ ಮೊದಲಿನಿಂದ ಎಲ್ಲ ತುಂಬುವುದು. ಅದಕ್ಕೆ ಮುಂಚೆ ಇದ್ದದ್ದನ್ನು ಸಿ.ಡಿ.ಗೆ ಹಾಕಿಕೊಳ್ಳಬೇಕು. ನಮ್ಮಲ್ಲಿ ಸಿ.ಡಿ. ಬರೆಯುವ ಸಾಧನ ಇರಲಿಲ್ಲ. ಒಂದು ಮಂಗಳವಾರ ನಾನು ಹಾರ್ಡ್ ಡಿಸ್ಕ್ ಬಿಚ್ಚಿ, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮೂಡಬಿದಿರೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಹೊಂಡಕ್ಕೆ ಬಿದ್ದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ರಿಪೇರಿಯವರು ತಮ್ಮ ಅಂಗಡಿಯಲ್ಲಿ ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಕೇಳಿದರು: "ಯಾವುದೆಲ್ಲ ಬೇಕು?"

"ಜಾಬ್ಸ್ ಪೂರ್ತಿ. ಮತ್ತೆ ಫಾಂಟುಗಳು. ಮದುವೆ ಕಾಗದದ ಡಿಸೈನುಗಳು."

"ಬೇರೆ ಎಂತಾದ್ರೂ ಉಂಟಾ?"

"ಇಲ್ಲ."

ಆ "ಇಲ್ಲ" ಎಷ್ಟು ಸಲೀಸಾಗಿ ಬಂತು ಎಂಬುದು ಈಗಲೂ ನನಗೆ ನೆನಪಿದೆ. ಬಾಯಮ್ಮನ ಪುಸ್ತಕ ಆ ಕ್ಷಣ ನನ್ನ ತಲೆಯಲ್ಲಿ ಇರಲೇ ಇಲ್ಲ.

ಮರುದಿನ ತಾವೇ ಬಂದು ಪಾಲು ಮಾಡಿಕೊಡುತ್ತೇನೆ ಎಂದು ರಿಪೇರಿಯವರು ಹೇಳಿದ್ದರು. ನಾನೇ ಬೇಡವೆಂದೆ. ಅವರ ಹತ್ತಿರ ಒಂದು ಹಾಳೆಯಲ್ಲಿ ಹಂತಗಳನ್ನು ಬರೆಸಿಕೊಂಡು ಬಂದಿದ್ದೆ. ಕಲಿತ ಹುಡುಗಿ ಎಂದು ಧಣಿಗೆ ತೋರಿಸಬೇಕಿತ್ತು. ಬುಧವಾರ ಬೆಳಿಗ್ಗೆ ಡಿಸ್ಕನ್ನು ಮತ್ತೆ ಜೋಡಿಸಿ, ಫ್ಲಾಪಿ ಹಾಕಿ ಶುರುಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಇದ್ದ ಭಾಗವನ್ನು ಅಳಿಸುವ ಮುಂಚೆ ಅದು ಎಚ್ಚರಿಕೆ ಕೊಟ್ಟಿತು, ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಬೇಕೆ ಎಂದು ಕೇಳಿತು. ನಾನು ವೈ ಒತ್ತಿದೆ. ಇಪ್ಪತ್ತು ಜಿ.ಬಿ.ಯಲ್ಲಿ ಎಂಟು ಹಳೆಯದಕ್ಕೆ, ಉಳಿದದ್ದು ಹೊಸದಕ್ಕೆ. ಮೊದಲು ತೊಂಬತ್ತೆಂಟು ಹಾಕಿ, ಆಮೇಲೆ ಎಕ್ಸ್‌ಪಿ ಹಾಕಬೇಕು. ತಿರುಗಿಸಿ ಮಾಡಿದರೆ ಹಳೆಯದು ಹೊಸದನ್ನು ನುಂಗುತ್ತದೆ ಎಂದು ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು. ಸಂಜೆ ನಾಲ್ಕರ ಹೊತ್ತಿಗೆ ಕಂಪ್ಯೂಟರ್ ಆನ್ ಮಾಡಿದರೆ ಎರಡು ಹೆಸರುಗಳು ಒಂದರ ಕೆಳಗೊಂದು ಬಂದು, ಯಾವುದು ಬೇಕೆಂದು ಮೂವತ್ತು ಸೆಕೆಂಡು ಕಾಯುತ್ತಿತ್ತು. ಧಣಿ ಎರಡು ಮೂರು ಸಲ ಆಫ್ ಮಾಡಿ ಆನ್ ಮಾಡಿ ನೋಡಿದರು. "ಭಾರಿ ಉಷಾರು ಮಾರಾಯ್ತಿ ನೀನು" ಎಂದರು. ಅಂದು ಮನೆಗೆ ಹೋಗುವಾಗ ಉಮ್ಮನಿಗೆಂದು ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಮರುದಿನ ಗುರುವಾರ.

ಬಾಯಮ್ಮ ಬಂದು ಕುಳಿತರು. ಕೊಡೆಯನ್ನು ಮೂಲೆಯಲ್ಲಿ ಇಟ್ಟರು. ನಾನು ತೊಂಬತ್ತೆಂಟನ್ನು ತೆರೆದು, ಮೈ ಡಾಕ್ಯುಮೆಂಟ್ಸ್ ಒತ್ತಿದೆ. ಖಾಲಿ. ಹೊಸ ಮನೆಯ ಕಪಾಟಿನ ಹಾಗೆ ಬೆಳ್ಳಗೆ ಖಾಲಿ. ಸಿ.ಡಿ. ಹಾಕಿ ನೋಡಿದೆ. ಜಾಬ್ಸ್ ಇತ್ತು, ಫಾಂಟುಗಳಿದ್ದವು, ಡಿಸೈನುಗಳಿದ್ದವು.

"ಎಂತ ಆಯಿತು?" ಬಾಯಮ್ಮ ಕೇಳಿದರು.

"ಎಂತ ಇಲ್ಲ ಬಾಯಮ್ಮ. ಹೊಸದಾಗಿ ಹಾಕಿದ್ದಲ್ವಾ, ಮೆಶಿನ್ ಸ್ವಲ್ಪ ಸರಿಯಿಲ್ಲ. ಮುಂದಿನ ವಾರ ಬರೆಯುವ."

ಅವರು ಏನೂ ಅನುಮಾನ ಪಡದೆ ಕೊಡೆ ತೆಗೆದುಕೊಂಡು ಹೊರಟರು. ಅವರು ಹೋದ ಕೂಡಲೇ ರಿಪೇರಿಯವರಿಗೆ ಫೋನ್ ಮಾಡಿದೆ. ಪಾಲು ಮಾಡಿ, ಫಾರ್ಮ್ಯಾಟ್ ಮಾಡಿ, ಎರಡೆರಡು ಸಿಸ್ಟಮ್ ತುಂಬಿದ ಮೇಲೆ ಏನು ಸಿಗುತ್ತದೆ ಎಂದರು ಅವರು. ಮುಂದಿನ ಗುರುವಾರ ಬಾಯಮ್ಮ ಮತ್ತೆ ಬಂದರು. ಮತ್ತೆ ಅದೇ ಸುಳ್ಳು ಹೇಳಿದೆ. ಈ ಸಲ ಪ್ರಿಂಟರಿನ ಮೇಲೆ ಹಾಕಿದೆ. ಧಣಿ ಅಲ್ಲೇ ಇದ್ದರು. ಪ್ರಿಂಟರ್ ಚೆನ್ನಾಗಿಯೇ ಓಡುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಬಾಯಮ್ಮ ಹೋದ ಮೇಲೆ ಕೇಳಿದರು. ನಾನು ಅತ್ತುಬಿಟ್ಟೆ, ಎಲ್ಲ ಹೇಳಿದೆ.

ಧಣಿ ಬೈಯಲಿಲ್ಲ. "ಅವರು ಎಪ್ಪತ್ತು ವರ್ಷದ ಜನ. ಬಸ್ಸಿನಲ್ಲಿ ನೇತಾಡಿಕೊಂಡು ಬರ್ತಾರೆ. ಇನ್ನೊಮ್ಮೆ ಸುಮ್ಮನೆ ಬರಿಸಬೇಡ. ನೀನೇ ಹೋಗಿ ಹೇಳು" ಎಂದರು.

ಶನಿವಾರ ಮಧ್ಯಾಹ್ನ ಸಿದ್ಧಕಟ್ಟೆಗೆ ಹೋದೆ. ಬಾಯಮ್ಮ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಆ ಕೆಲಸಕ್ಕೆ ಕೈ ನಡುಗಿದರೂ ಅಡ್ಡಿಯಿಲ್ಲ ಎನ್ನುತ್ತಿದ್ದರು. ನನ್ನನ್ನು ಕಂಡು ತಂಗಿಗೆ ಚಹಾ ಇಡಲು ಹೇಳಿದರು. ಚಹಾ ಬರುವ ಮುಂಚೆಯೇ ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ.

ಅವರು ಬಹಳ ಹೊತ್ತು ಬೀಜ ಬಿಡಿಸುತ್ತಲೇ ಇದ್ದರು.

"ಪೂರ್ತಿ ಹೋಯಿತಾ?"

"ಮೊದಲ ಅಧ್ಯಾಯ ನಿಮ್ಮ ಹತ್ತಿರ ಉಂಟಲ್ಲ, ಅದು ಬಿಟ್ಟು ಎಲ್ಲ."

"ಯಾವಾಗ ಹೋದದ್ದು?"

"ಹತ್ತು ದಿನ ಆಯಿತು."

"ಮತ್ತೆ ಎರಡು ಗುರುವಾರ ನಾನು ಬಂದಾಗ ಎಂತಕ್ಕೆ ಹೇಳ್ಲಿಲ್ಲ?"

"ಹೆದರಿಕೆ ಆಯಿತು ಬಾಯಮ್ಮ."

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಆದರೆ ಸಮಾಧಾನವೂ ಇರಲಿಲ್ಲ. ತಂಗಿ ಚಹಾ ತಂದಿಟ್ಟರು. ಕುಡಿದು ಲೋಟ ಕೆಳಗಿಟ್ಟ ಮೇಲೆ ಬಾಯಮ್ಮ ಹೇಳಿದರು: "ಇನ್ನು ನನಗೆ ಬಸ್ಸಿನಲ್ಲಿ ಬರ್ಲಿಕ್ಕೆ ಆಗುವುದಿಲ್ಲ. ನೀನೇ ಇಲ್ಲಿಗೆ ಬಾ. ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಅಲ್ಲಿ ಟೈಪ್ ಮಾಡು. ಎರಡು ಕಡೆ ಇರಲಿ."

ಹಾಗೆ ಎರಡನೆಯ ಸಲ ಶುರುವಾಯಿತು. ಭಾನುವಾರ ಪೂಜೆ ಮುಗಿಸಿ ಅವರು ಇಗರ್ಜಿಯಿಂದ ಬರುವ ಹೊತ್ತಿಗೆ ನಾನು ತಲುಪುತ್ತಿದ್ದೆ. ಉಮ್ಮ ಮೊದಲಿಗೆ ಗೊಣಗಿದರು, ಇರುವ ಒಂದು ರಜೆಯೂ ಹೋಯಿತೆಂದು. ಬಾಯಮ್ಮ ಯಾರೆಂದು ತಿಳಿದ ಮೇಲೆ ಸುಮ್ಮನಾದರು. ನನ್ನ ದೊಡ್ಡಮ್ಮನ ಹೆರಿಗೆಗೆ ಬಂದವರೂ ಅವರೇ ಆಗಿದ್ದರಂತೆ.

ಮನೆಯಲ್ಲಿ ಕುಳಿತು ಹೇಳುವಾಗ ಬಾಯಮ್ಮ ಶಾಲೆಯ ಕನ್ನಡವನ್ನು ಬಿಟ್ಟರು. ತುಳುವಿನಲ್ಲೇ ಹೇಳಿದರು. ನಾನು ಬರೆದುಕೊಳ್ಳುವಾಗ ಕನ್ನಡ ಮಾಡುತ್ತಿದ್ದೆ. ಕಥೆಗಳು ಅವೇ. ಆದರೆ ಮೊದಲ ಸಲ ಇಲ್ಲದ ವಾಸನೆ, ಬೈಗುಳ, ನಗು ಎಲ್ಲ ಬಂತು. ನದಿ ದಾಟುವಾಗ ದೋಣಿಯಲ್ಲೇ ಹುಟ್ಟಿದ ಮಗುವಿನ ಸಂಗತಿ ಮೊದಲ ಸಲ ಆರು ಸಾಲು ಇತ್ತು, ಈ ಸಲ ಆರು ಪುಟ ಆಯಿತು. ನಾನು ಮನಸ್ಸಿನಲ್ಲೇ ಸ್ವಲ್ಪ ಹಗುರವಾದೆ. ಹೋದದ್ದಕ್ಕಿಂತ ಬಂದದ್ದು ಚೆನ್ನಾಗಿದೆಯಲ್ಲ ಎಂದುಕೊಂಡೆ.

ಮೂರನೆಯ ತಿಂಗಳಲ್ಲಿ ನಾರಾವಿಯ ಅಧ್ಯಾಯಕ್ಕೆ ಬಂದೆವು. ಅದು ನನಗೆ ಚೆನ್ನಾಗಿ ನೆನಪಿತ್ತು. ಮೊದಲ ಹೆರಿಗೆಗೆ ತಾಯಿಮನೆಗೆ ಬಂದಿದ್ದ ಒಬ್ಬಳು ಹುಡುಗಿ, ಮಗು ಹುಟ್ಟಿದ ಮೇಲೆ ರಕ್ತ ನಿಲ್ಲದೆ ತೀರಿಹೋದ ಕಥೆ. ಹೆಣ್ಣು ಮಗು ಬದುಕಿತ್ತು. ಮೊದಲ ಸಲ ಬಾಯಮ್ಮ ಬರೆಸಿದ್ದದ್ದು ಹೀಗೆ: "ಮೂರು ಗಂಟೆಯ ಜೀಪು ತಪ್ಪಿಹೋಯಿತು. ಮುಂದಿನ ವಾಹನ ದೊರೆಯುವಷ್ಟರಲ್ಲಿ ಕಾಲ ಮಿಂಚಿತ್ತು."

ಆ ಭಾನುವಾರ ಅವರು ಹೇಳಿದರು: "ಒಂದು ಗಂಟೆಗೆ ಮಗು ಬಂತು. ರಕ್ತ ಹೋಗ್ತಾ ಇತ್ತು. ಎರಡೂವರೆಗೆ ಗಂಡ ಅಂಗಳದಲ್ಲಿ ನಿಂತು ಕೇಳಿದ, ಬಾಯಮ್ಮ, ಮೂರು ಗಂಟೆಯ ಜೀಪು ನಿಲ್ಲಿಸ್ಲಿಕ್ಕೆ ಓಡ್ಲಾ ಅಂತ. ನಾನು ಬೇಡ ಅಂದೆ."

ನಾನು ಬರೆಯುವುದನ್ನು ನಿಲ್ಲಿಸಿದೆ.

"ಮೊದಲ ಸಲ ಹೀಗೆ ಹೇಳಿರ್ಲಿಲ್ಲ ಬಾಯಮ್ಮ."

"ಹೌದು."

"ಬೇಡ ಅಂತ ಎಂತಕ್ಕೆ ಹೇಳಿದ್ದು?"

"ಅದರ ಹಿಂದಿನ ತಿಂಗಳು ಒಬ್ಬಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ್ದೆ. ಅಲ್ಲಿಗೆ ಮುಟ್ಟುವಾಗ ಅವಳು ಸರಿಯಾಗಿದ್ದಳು. ಅಲ್ಲಿಯ ಡಾಕ್ಟರು ಎಲ್ಲರ ಎದುರು ನಕ್ಕರು. ಇಷ್ಟಕ್ಕೆಲ್ಲ ಕಳಿಸುವುದಾದರೆ ನೀನೆಂತಕ್ಕೆ ಅಂತ. ಅದು ಮನಸ್ಸಿನಲ್ಲಿ ಇತ್ತು. ನಿಲ್ತದೆ, ನಾನೇ ನಿಲ್ಲಿಸ್ತೇನೆ ಅಂತ ಕೂತೆ. ನಾಲ್ಕು ಗಂಟೆಗೆ ಅವಳ ತುಟಿ ಬೆಳ್ಳಗಾಯಿತು. ಆಗ ಗಂಡನನ್ನು ಓಡಿಸಿದೆ. ಐದೂವರೆಗೆ ಗಾಡಿ ಸಿಕ್ಕಿತು. ಶಿರ್ತಾಡಿ ದಾಟಿರ್ಲಿಲ್ಲ, ಹೋಗಿಬಿಟ್ಟಳು."

ಅಡುಗೆಮನೆಯಲ್ಲಿ ತಂಗಿಯ ಪಾತ್ರೆಗಳ ಸದ್ದು ನಿಂತಿತ್ತು. ಅವರಿಗೂ ಇದು ಹೊಸದಾಗಿತ್ತು ಎಂದು ಕಾಣುತ್ತದೆ.

"ಮನೆಯವರು ಕೇಳಿದಾಗ ಜೀಪು ತಪ್ಪಿತು ಅಂದೆ" ಎಂದು ಬಾಯಮ್ಮ ಮುಂದುವರಿಸಿದರು. "ರಿಜಿಸ್ಟರಿನಲ್ಲಿಯೂ ಹಾಗೆಯೇ ಬರೆದೆ. ಸುಳ್ಳಲ್ಲ, ಜೀಪು ತಪ್ಪಿದ್ದು ಹೌದು. ಬರಿ ಈಗ. ಹೇಳಿದ ಹಾಗೆ ಬರಿ."

ಬರೆದೆ. ಆ ವಾರ ಅದನ್ನು ಟೈಪ್ ಮಾಡುವಾಗ ಮೊದಲ ಸಲದ ಎರಡು ಸಾಲುಗಳೇ ಸಾಕಿತ್ತೇನೋ ಎಂದು ನನಗೆ ಅನಿಸಿದ್ದು ನಿಜ. ಯಾರಿಗೂ ನೋವಿಲ್ಲ, ಯಾರ ಮೇಲೂ ತಪ್ಪಿಲ್ಲ.

ಇದಾಗಿ ಒಂದು ತಿಂಗಳಿಗೆ ಮೂಡಬಿದಿರೆಯ ರಿಪೇರಿಯವರು ಒಂದು ಸಿ.ಡಿ. ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ಅಳಿಸಿಹೋದದ್ದನ್ನು ಹುಡುಕುವ ಒಂದು ಪ್ರೋಗ್ರಾಮ್ ಸಿಕ್ಕಿದೆ, ನೋಡುವ ಎಂದರು. ಅದನ್ನು ಬೆಳಿಗ್ಗೆ ಓಡಲು ಬಿಟ್ಟದ್ದು ಮಧ್ಯಾಹ್ನದ ಊಟದ ನಂತರ ಮುಗಿಯಿತು. ಹೆಸರು ಕಳೆದುಕೊಂಡ ನೂರಾರು ಫೈಲುಗಳು, ನಂಬರು ಹಾಕಿಕೊಂಡು ಸಾಲಾಗಿ ಬಂದವು. ಒಂದೊಂದೇ ತೆರೆದೆ. ಹೆಚ್ಚಿನವು ಕಸ. ಒಂದರಲ್ಲಿ ಇಂಗ್ಲಿಷ್ ಅಕ್ಷರಗಳು, ಪ್ರಶ್ನೆಚಿಹ್ನೆಗಳು, ಸೊನ್ನೆಗಳು ಒಂದರ ಮೇಲೊಂದು ಬಿದ್ದ ಹಾಗೆ ಇದ್ದವು. ನಮ್ಮ ಹಳೆಯ ಕನ್ನಡ ಫಾಂಟು ಹಾಕದಿದ್ದರೆ ಹಾಗೆಯೇ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಎಲ್ಲವನ್ನೂ ಆಯ್ಕೆ ಮಾಡಿ ಫಾಂಟು ಬದಲಿಸಿದೆ. ಪರದೆಯ ಮೇಲೆ ಕನ್ನಡ ಎದ್ದು ನಿಂತಿತು. "ಆ ದಿನ ನಾನು ಸೇವಾ ಕಾರ್ಯನಿಮಿತ್ತ ನಾರಾವಿ ಗ್ರಾಮಕ್ಕೆ ತೆರಳಿದ್ದೆನು."

ಸುಮಾರು ಅರ್ಧ ಪುಸ್ತಕ ಸಿಕ್ಕಿತು. ರಿಪೇರಿಯವರಿಗೆ ನನಗಿಂತ ಹೆಚ್ಚು ಸಂತೋಷ. ಧಣಿ ಎಲ್ಲರಿಗೂ ಗೋಳಿಬಜೆ ತರಿಸಿದರು. ನಾನು ತಿಂದೆ, ನಕ್ಕೆ. ಆದರೆ ಒಳಗೆ ಒಂದು ತರಹ ಕಸಿವಿಸಿ. ಬಾಯಮ್ಮನಿಗೆ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಒಂದು ಸಲ ಹತ್ತು ದಿನ ಮುಚ್ಚಿಟ್ಟು ಅನುಭವಿಸಿದ್ದು ಸಾಕಾಗಿತ್ತು.

ಹಳೆಯ ಬರಹ, ಹೊಸ ಬರಹ ಎರಡನ್ನೂ ಪ್ರಿಂಟ್ ತೆಗೆದು ಭಾನುವಾರ ಹೋದೆ. ಸಂಗತಿ ಹೇಳಿದೆ. ಬಾಯಮ್ಮ ಕಣ್ಣು ಮುಚ್ಚಿ, "ನಾರಾವಿಯದು ಎರಡೂ ಓದು" ಎಂದರು. ಮೊದಲನೆಯದನ್ನು ಓದಿದೆ, ಮುಕ್ಕಾಲು ಪುಟ. ಆಮೇಲೆ ಎರಡನೆಯದು, ಐದು ಪುಟ.

"ಮೊದಲನೆಯದು ಕೇಳ್ಲಿಕ್ಕೆ ಚಂದ ಉಂಟು" ಎಂದರು ಅವರು.

"ಯಾವುದು ಹಾಕುವುದು?"

"ನಿನಗೆ ಎಂತ ಅನಿಸ್ತದೆ?"

ನಾನು ತಪ್ಪಿಸಿಕೊಳ್ಳಲು ನೋಡಿದೆ. "ನಿಮ್ಮ ಪುಸ್ತಕ ಬಾಯಮ್ಮ. ಯಾರೂ ನಿಮ್ಮನ್ನು ಕೇಳುವುದಿಲ್ಲ. ಮೊದಲನೆಯದನ್ನೇ ಹಾಕಿದರೂ ಆಗ್ತದೆ."

ಅವರು ತಲೆ ಅಲ್ಲಾಡಿಸಿದರು. "ಅಚ್ಚು ಮಾಡುವ ಮೊದಲು ಆ ಮನೆಯವರಿಗೆ ತೋರಿಸ್ಬೇಕು. ಆ ಮಗು ಈಗ ನಾರಾವಿ ಪೇಟೆಯಲ್ಲಿ ಟೈಲರಿಂಗ್ ಮಾಡ್ತದಂತೆ. ನೀನು ಒಟ್ಟಿಗೆ ಬಾ. ನನ್ನ ಕೈಯಲ್ಲಿ ಕಾಗದ ನಿಲ್ಲುವುದಿಲ್ಲ."

ಮುಂದಿನ ವಾರ ಹೋದೆವು. ಮೂಡಬಿದಿರೆಯಲ್ಲಿ ಬಸ್ಸು ಬದಲಿಸಿ, ಶಿರ್ತಾಡಿ ದಾರಿಯಾಗಿ. ಬಾಯಮ್ಮ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಶಿರ್ತಾಡಿ ಬಂದಾಗ ಕಣ್ಣು ಮುಚ್ಚಿಕೊಂಡರು.

ಟೈಲರ್ ಅಂಗಡಿ ಒಂದು ಸಣ್ಣ ಕೋಣೆ. ಎರಡು ಹೊಲಿಗೆ ಮೆಶಿನು, ಗೋಡೆಯಲ್ಲಿ ಸಾಲಾಗಿ ರವಿಕೆಗಳು. ಕುಳಿತಿದ್ದವಳು ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಬಾಯಮ್ಮ ತಮ್ಮ ಪರಿಚಯ ಹೇಳಿದ ಕೂಡಲೇ ಎದ್ದು ತನ್ನ ಸ್ಟೂಲನ್ನು ಕೊಟ್ಟಳು. "ನಿಮ್ಮ ಕೈಯಲ್ಲಿ ಹುಟ್ಟಿದ್ದು ನಾನು ಅಂತ ಅಜ್ಜಿ ಹೇಳ್ತಿರ್ತಾರೆ" ಎಂದಳು. ಬಾಯಮ್ಮ ನನ್ನ ಕಡೆ ನೋಡಿದರು. ನಾನು ಐದು ಪುಟಗಳನ್ನು ಅವಳ ಕೈಗೆ ಕೊಟ್ಟೆ.

ಅವಳು ನಿಂತುಕೊಂಡೇ ಓದಿದಳು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಓದುತ್ತ ಅದರ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೂರನೆಯ ಪುಟದಲ್ಲಿ ಬೆರಳು ನಿಂತಿತು. ಆ ಪುಟವನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಮುಗಿಸಿ, ಪುಟಗಳನ್ನು ಮೆಶಿನಿನ ಮೇಲೆ ಇಟ್ಟಳು.

"ಹಾಗಾದರೆ ಅಪ್ಪ ಕೇಳಿದ್ದು ಹೌದು" ಎಂದಳು.

"ಎಂತ ಮಗಳೇ?"

"ಜೀಪು ನಿಲ್ಲಿಸ್ಲಾ ಅಂತ ಕೇಳಿದ್ದೆ, ಬಾಯಮ್ಮ ಬೇಡ ಅಂದರು ಅಂತ ಅಪ್ಪ ಹೇಳ್ತಿದ್ದರು. ಮನೆಯಲ್ಲಿ ಯಾರೂ ನಂಬ್ಲಿಲ್ಲ. ಬಾಯಮ್ಮನೇ ಹೇಳಿದ್ದಲ್ವಾ ಜೀಪು ತಪ್ಪಿತು ಅಂತ. ಇವನು ದಾರಿಯಲ್ಲಿ ಎಲ್ಲಿಯೋ ಕೂತು ಜೀಪು ತಪ್ಪಿಸಿದ ಅಂತ ಅಜ್ಜಿ. ಅಪ್ಪನನ್ನು ಮನೆಗೆ ಬರ್ಲಿಕ್ಕೆ ಬಿಡ್ಲಿಲ್ಲ. ನನ್ನನ್ನು ನೋಡ್ಲಿಕ್ಕೆ ಅಪ್ಪ ಶಾಲೆಯ ಗೇಟಿಗೆ ಬರ್ತಿದ್ದದ್ದು."

ಬಾಯಮ್ಮನ ಕೈಗಳು ಮಡಿಲಿನಿಂದ ಜಾರಿ ಎರಡೂ ಬದಿಗೆ ನಡುಗಲು ಶುರುವಾದವು. ಅವರು ಅದನ್ನು ಅಡಗಿಸಲಿಲ್ಲ. "ಇದು ನನಗೆ ಗೊತ್ತಿರ್ಲಿಲ್ಲ" ಎಂದರು. "ಅಪ್ಪ ಎಲ್ಲಿದ್ದಾರೆ ಈಗ?"

"ತೀರಿಕೊಂಡು ನಾಲ್ಕು ವರ್ಷ ಆಯಿತು."

ಒಬ್ಬರು ಹೆಂಗಸು ರವಿಕೆ ಆಯಿತೇ ಎಂದು ಕೇಳಿಕೊಂಡು ಬಂದರು. ಅವಳು ನಾಳೆ ಬನ್ನಿ ಎಂದು ಕಳಿಸಿದಳು. ಆಮೇಲೆ ಬಾಗಿಲು ಎಳೆದು ಬೀಗ ಹಾಕಿ, "ಅಜ್ಜಿ ಮನೆಯಲ್ಲಿ ಇದ್ದಾರೆ. ಇದನ್ನು ನಾನು ಹೇಳಿದರೆ ಆಗುವುದಿಲ್ಲ. ನೀವೇ ಹೇಳ್ಬೇಕು" ಎಂದಳು.

ಗದ್ದೆಯ ಬದುವಿನಲ್ಲಿ ಹತ್ತು ನಿಮಿಷದ ದಾರಿ. ಬಾಯಮ್ಮ ನನ್ನ ಹೆಗಲು ಹಿಡಿದುಕೊಂಡು ನಡೆದರು. ಅಜ್ಜಿ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬಾಯಮ್ಮ ಅವರ ಎದುರು ನೆಲದ ಮೇಲೆ ಕುಳಿತು ತುಳುವಿನಲ್ಲಿ ಹೇಳಿದರು. ಏನನ್ನೂ ಬಿಡಲಿಲ್ಲ, ಡಾಕ್ಟರು ನಕ್ಕದ್ದನ್ನು ಮಾತ್ರ ಹೇಳಲಿಲ್ಲ. ಅಜ್ಜಿ ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಪೂರ್ತಿ ಕೇಳಿದರು. ಕೊನೆಗೆ, "ನೀವು ಇನ್ನು ಹೋಗಿ ಬಾಯಮ್ಮ, ಬಿಸಿಲು ಏರ್ತದೆ" ಎಂದರು. ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಮತ್ತೆ ಹೊರಗೂ ಬರಲಿಲ್ಲ.

ಬಸ್ಸಿನವರೆಗೆ ಮೊಮ್ಮಗಳು ಬಂದಳು. ಬಾಯಮ್ಮ ಕೇಳಿದರು: "ಇದನ್ನು ಪುಸ್ತಕದಲ್ಲಿ ಹಾಕುವುದು ನಿನಗೆ ಬೇಡವಾದರೆ ಹಾಕುವುದಿಲ್ಲ."

"ಹಾಕಿ" ಎಂದಳು. "ಒಂದು ಮಾತು ಸೇರಿಸಿ. ಬೆಳಿಗ್ಗೆ ನಿಮ್ಮನ್ನು ಕರೆಯಲಿಕ್ಕೆ ಬಂದದ್ದು ಯಾರು ಅಂತ ಇದರಲ್ಲಿ ಇಲ್ಲ."

"ನಿನ್ನ ಅಪ್ಪ. ಓಡಿಕೊಂಡು ಬಂದಿದ್ದ. ಒಂದು ಕಾಲಿನ ಚಪ್ಪಲಿ ಇರ್ಲಿಲ್ಲ."

"ಅದನ್ನು ಬರೆಯಿರಿ."

ಮರಳುವಾಗ ಬಸ್ಸಿನಲ್ಲಿ ಬಾಯಮ್ಮ ಅತ್ತರು. ಸದ್ದಿಲ್ಲದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಮೂಡಬಿದಿರೆಯಲ್ಲಿ ಇಳಿದು ಇಬ್ಬರೂ ಒಂದೊಂದು ಲೋಟ ಎಳನೀರು ಕುಡಿದೆವು. "ಅವಳ ಅಪ್ಪ, ಆ ಹುಡುಗ, ನನ್ನನ್ನು ಒಂದು ಸಲವೂ ಬಂದು ಕೇಳ್ಲಿಲ್ಲ ನೋಡು" ಎಂದರು ಅವರು. ಅಷ್ಟೇ.

ಆ ಸೋಮವಾರ ನಾನು ಚಪ್ಪಲಿಯ ಸಾಲನ್ನು ಸೇರಿಸಿದೆ. ಪುಸ್ತಕವನ್ನು ಅಚ್ಚಿಗೆ ಕಳಿಸುವಾಗ ಹಳೆಯ ಬರಹದಿಂದ ನಾವು ತೆಗೆದುಕೊಂಡದ್ದು ಎರಡೇ ಅಧ್ಯಾಯ, ಬಾಯಮ್ಮ ಎರಡನೆಯ ಸಲ ಮರೆತು ಬಿಟ್ಟಿದ್ದವು. ಉಳಿದದ್ದನ್ನು ಅಳಿಸಲೇ ಎಂದು ಕೇಳಿದೆ. ಬೇಡ, ಅಲ್ಲಿಯೇ ಒಂದು ಮೂಲೆಯಲ್ಲಿ ಇರಲಿ ಎಂದರು. ಇನ್ನೂರು ಪ್ರತಿ ಹಾಕಿದೆವು. ಹೊದಿಕೆಯನ್ನು ಎಕ್ಸ್‌ಪಿಯಲ್ಲಿ ಮಾಡಿದೆ, ಒಳಗಿನ ಪುಟಗಳನ್ನು ತೊಂಬತ್ತೆಂಟರಲ್ಲಿ. ದಿನಕ್ಕೆ ಹತ್ತು ಸಲ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿ ಅತ್ತಿಂದಿತ್ತ ಓಡಾಡಿದ್ದು ಈಗ ನೆನೆದರೆ ನಗು ಬರುತ್ತದೆ.

ಸಿದ್ಧಕಟ್ಟೆಯ ಇಗರ್ಜಿಯ ಹಾಲಿನಲ್ಲಿ ಒಂದು ಸಣ್ಣ ಬಿಡುಗಡೆ ಆಯಿತು. ನಾರಾವಿಯಿಂದ ಯಾರೂ ಬರಲಿಲ್ಲ. ಬಾಯಮ್ಮ ಮುಗಿಯುವವರೆಗೂ ಬಾಗಿಲ ಕಡೆ ನೋಡುತ್ತಿದ್ದರು.

ಒಂದು ತಿಂಗಳ ಮೇಲೆ ಪ್ರೆಸ್ಸಿಗೆ ಫೋನ್ ಬಂತು. ಟೈಲರ್ ಅಂಗಡಿಯವಳು.

"ಆ ಪುಸ್ತಕ ಐದು ಬೇಕಿತ್ತು" ಎಂದಳು.

"ನಿಮಗಾ?"

"ಬೆಳ್ತಂಗಡಿಯಲ್ಲಿ ಅಪ್ಪನ ಅಕ್ಕತಂಗಿಯರು ಇದ್ದಾರೆ. ನಾನು ಅವರ ಮನೆಗೆ ಹೋದದ್ದೇ ಇಲ್ಲ. ಈ ಭಾನುವಾರ ಹೋಗ್ತೇನೆ. ಅಜ್ಜಿ ಹೋಗು ಅಂದರು. ಕೈಯಲ್ಲಿ ಎಂತಾದರೂ ಬೇಕಲ್ವಾ."

ನಾನು ಐದು ಪ್ರತಿಗಳನ್ನು ಬ್ರೌನ್ ಪೇಪರಿನಲ್ಲಿ ಸುತ್ತಿ, ಹಗ್ಗ ಕಟ್ಟಿ, ನಾರಾವಿಗೆ ಹೋಗುವ ಬಸ್ಸಿನ ಡ್ರೈವರರ ಹತ್ತಿರ ಕೊಟ್ಟೆ. ಪೇಟೆಯಲ್ಲಿ ಟೈಲರ್ ಅಂಗಡಿ ಎದುರು ನಿಲ್ಲಿಸಿ ಹಾರನ್ ಹಾಕಿದರೆ ಸಾಕು, ಅವರೇ ಬಂದು ತೆಗೆದುಕೊಳ್ಳುತ್ತಾರೆ ಎಂದೆ. ಡ್ರೈವರ್ ಕಟ್ಟನ್ನು ಗೇರಿನ ಪಕ್ಕ ಇಟ್ಟುಕೊಂಡು ಬಸ್ಸು ಬಿಟ್ಟರು. ನಾನು ಪ್ರೆಸ್ಸಿಗೆ ಹಿಂತಿರುಗಿ ಸಿದ್ಧಕಟ್ಟೆಗೆ ಫೋನ್ ಮಾಡಿದೆ. ತಂಗಿ ಎತ್ತಿದರು. ಬಾಯಮ್ಮ ಮಲಗಿದ್ದಾರೆ ಎಂದರು. ಎಬ್ಬಿಸಿ ಎಂದೆ.